ಜಲಪಾತದ ದಾರಿಯನ್ನು ಹೆಣ್ಣುಮಕ್ಕಳಿಗೆ ಮುಚ್ಚಬೇಕೇ?

ಮಳೆಗಾಲ ಬಂತೆಂದರೆ ಬೆಳಗಾವಿಯ ನಮ್ಮ ಮನೆಗಳ ಮೊಬೈಲುಗಳಲ್ಲಿ ಜಲಪಾತಗಳು ಧುಮುಕತೊಡಗುತ್ತವೆ. ಕೆನಡಾದಲ್ಲಿರುವ ಬಂಧುಗಳು ನಯಾಗರದ ಚಿತ್ರ ಕಳುಹಿಸುತ್ತಾರೆ. ಇನ್ನಾರೋ ಆಫ್ರಿಕಾದ ವಿಕ್ಟೋರಿಯಾ ಜಲಪಾತದ ವಿಡಿಯೊ ಹಂಚುತ್ತಾರೆ. ನಾವು ‘ಸುಬ್‌ಹಾನಲ್ಲಾಹ್’ ಎಂದು ಬರೆದು ಮುಂದಿನ ಸಂದೇಶಕ್ಕೆ ಸಾಗುತ್ತೇವೆ. ಆದರೆ ನೆರೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿ ನದಿಯು ವಜ್ರಪೋಹವಾಗಿ ಬೀಳುವುದನ್ನು ನಮ್ಮ ತಾಯಂದಿರಲ್ಲಿ, ಸಹೋದರಿಯರಲ್ಲಿ ಎಷ್ಟು ಮಂದಿ ಕಣ್ಣಾರೆ ಕಂಡಿದ್ದಾರೆ?

ಖಾನಾಪುರದ ನೆಲವೇ ಒಂದು ವಿಸ್ಮಯ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ಸಾಗುತ್ತಾಳೆ. ಅದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು, ಗೋವೆಯಲ್ಲಿ ಮಾಂಡೋವಿಯಾಗಿ ಅರಬ್ಬಿ ಸಮುದ್ರ ಸೇರುತ್ತಾಳೆ. ಒಂದೇ ಮಳೆಯ ನೀರು ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಕಲ್ಲಿಗಿಂತಲೂ ಕಠೋರವಾದ ಹೃದಯಗಳ ಕುರಿತು ಹೇಳುವಾಗ ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯವು ಬಂಡೆಗಳಿಂದ ಹೊಮ್ಮುವ ನದಿಗಳನ್ನು ನೆನಪಿಸುತ್ತದೆ. ಆ ದೃಶ್ಯವನ್ನು ನೋಡುವ ಹಕ್ಕು ಗಂಡುಮಕ್ಕಳಿಗಷ್ಟೇ ಮೀಸಲಾದುದಲ್ಲ.

ಈ ಮಾತನ್ನು ಬರೆಯುವಾಗ ನಮ್ಮ ಕೈ ನಡುಗುತ್ತದೆ. 2022ರ ನವೆಂಬರ್‌ನಲ್ಲಿ ನಮ್ಮದೇ ನಗರದ ನಾಲ್ವರು ಯುವತಿಯರು ಚಂದಗಡ ತಾಲ್ಲೂಕಿನ ಕಿತವಾಡ ಜಲಪಾತದಲ್ಲಿ ಮುಳುಗಿ ಮರಣಹೊಂದಿದರು. ಅಲ್ಲಾಹನು ಅವರಿಗೆ ಮಗ್‌ಫಿರತ್ ಕರುಣಿಸಲಿ. ಆ ದುಃಖದಲ್ಲಿ ಹಲವು ಮನೆಗಳಿಂದ ಒಂದೇ ಮಾತು ಕೇಳಿಬಂತು: ಹೆಣ್ಣುಮಕ್ಕಳನ್ನು ಕಳುಹಿಸಲೇಬಾರದಿತ್ತು. ತಾಯ್ತಂದೆಯರ ಭಯ ನಮಗೆ ಅರ್ಥವಾಗುತ್ತದೆ. ತೀರ್ಮಾನವನ್ನು ಮಾತ್ರ ಒಪ್ಪಲಾರೆವು. 2024ರ ಜೂನ್‌ನಲ್ಲಿ ಲೋಣಾವಳದ ಭುಶಿ ಅಣೆಕಟ್ಟಿನ ಬಳಿ ಕೊಚ್ಚಿಹೋದವರು ಕುಟುಂಬ ಸಮೇತ ಹೋಗಿದ್ದರು. ಬಂಡೆಯ ಮೇಲೆ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ನಿಂತಿದ್ದ ಆ ದೃಶ್ಯವನ್ನು ನಾವೆಲ್ಲರೂ ಕಂಡೆವು. ಹಿರಿಯರು ಜೊತೆಗಿದ್ದರೆಂದು ನೀರು ನಿಲ್ಲಲಿಲ್ಲ.

ನಮ್ಮಲ್ಲಿ ಕೊರತೆಯಾಗಿರುವುದು ನೀರಿನ ಅರಿವು. ನಾವು ನಿಂತಲ್ಲಿ ಬಿಸಿಲಿರಬಹುದು, ಮೇಲಿನ ಕಾಡಿನಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿನೀರು ಕೆಂಪಾಗಿ, ಎಲೆ-ಕಡ್ಡಿಗಳು ತೇಲಿಬರತೊಡಗಿದರೆ ದಡ ಸೇರಲು ಉಳಿದಿರುವುದು ಕೆಲವೇ ನಿಮಿಷ. ಪಾಚಿ ಹಿಡಿದ ಬಂಡೆಯ ಮೇಲೆ ಯಾವ ಪಾದರಕ್ಷೆಯೂ ನಿಲ್ಲದು. ಧಾರೆ ಬೀಳುವಲ್ಲಿ ನೀರು ವರ್ಷಗಳಿಂದ ನೆಲವನ್ನು ಕೊರೆದಿರುತ್ತದೆ. ಮೊಣಕಾಲುದ್ದ ಎಂದು ತೋರುವ ಜಾಗದ ಪಕ್ಕದಲ್ಲೇ ಆಳವಾದ ಮಡು. ಅಲ್ಲಿನ ಬಿಳಿನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ದೇಹವನ್ನು ಕೆರೆಯ ನೀರಿನಂತೆ ಎತ್ತಿ ಹಿಡಿಯದು, ಸುಳಿ ಒಳಕ್ಕೆ ಸೆಳೆಯುತ್ತದೆ. ಈಜು ಬಲ್ಲವರೂ ಸೋಲುವುದು ಇದರಿಂದಲೇ. ಕಿತವಾಡದ ದುರಂತ ನಡೆದದ್ದು ಮಳೆಗಾಲ ಕಳೆದ ಮೇಲೆ ಎಂಬುದನ್ನೂ ಮರೆಯಬಾರದು.

ಮಳೆಗಾಲದಲ್ಲಿ ಅರಣ್ಯ ಇಲಾಖೆಯು ಖಾನಾಪುರದ ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸಿದಾಗ ಕಳ್ಳದಾರಿ ಹುಡುಕುವವರಲ್ಲಿ ನಮ್ಮ ಯುವಕರೂ ಇರುತ್ತಾರೆ. ಹಿಂದಿರುಗಿ ಬಂದು ವಿಡಿಯೊ ತೋರಿಸಿದಾಗ ಗದರಿಸುವ ಬದಲು ನಗುತ್ತೇವೆ. ಮಗಳಿಗೆ ಬೀಗ, ಮಗನಿಗೆ ನಗು. ಇದು ಯಾವ ಎಚ್ಚರಿಕೆ? ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ)ಯವರು ಕಲಿಸಿದ್ದು ಇಬ್ಬರಿಗೂ ಅನ್ವಯಿಸುತ್ತದೆ. ನಯಾಗರದಲ್ಲಿ ಜನರು ಕಟಕಟೆಯ ಹಿಂದೆ ನಿಂತೇ ನೋಡುತ್ತಾರೆ. ಹಾಗೆ ನೋಡಿದ್ದರಿಂದ ಏನೋ ಕಡಿಮೆಯಾಯಿತೆಂದು ಅಲ್ಲಿಂದ ಬಂದವರಾರೂ ನಮಗೆ ಹೇಳಿಲ್ಲ.

ಮೃಗಶಿರಾ ಮಳೆಗೆ ಮುಂಚಿನ ಒಂದು ಜುಮಾ ಖುತ್ಬಾದಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡಲಿ ಎಂದು ನಮ್ಮ ಖತೀಬರನ್ನು ಕೋರುತ್ತೇವೆ. ಮಹಿಳೆಯರ ಸಾಪ್ತಾಹಿಕ ತರಗತಿಗಳಲ್ಲೂ ಇದು ಪಾಠವಾಗಲಿ. ಮಳೆ ಇಳಿದ ಬಳಿಕ ಮನೆಮಂದಿಯೆಲ್ಲ ಒಮ್ಮೆ ಹೊರಡಲಿ. ಮೊದಲಿಗೆ ಗೋಕಾಕವೇ ಸಾಕು: ಘಟಪ್ರಭೆ ಅಲ್ಲಿ 52 ಮೀಟರ್ ಎತ್ತರದಿಂದ ಬೀಳುತ್ತಾಳೆ. ಮೇಲಿನ ಬಂಡೆಗಳಿಗೆ ಇಳಿಯದೆ ದೂರದಿಂದಲೇ ಕಣ್ತುಂಬ ನೋಡಬಹುದು. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಮಗ್‌ರಿಬ್‌ಗೆ ಬೆಳಗಾವಿ ಸೇರಬಹುದು.