ಸುದ್ದಿಯ ದುಡ್ಡು ತಾಲ್ಲೂಕಿಗೂ ಬರಲಿ

ಶಿವಮೊಗ್ಗ ಮಂಡಿಯಲ್ಲಿ ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು? ಭದ್ರಾ ಡ್ಯಾಂ ಎಷ್ಟು ಅಡಿ ತುಂಬಿತು? ನವುಲೆ ಕಡೆ ನಾಳೆ ಕರೆಂಟ್ ಇರುತ್ತಾ? ಇದನ್ನೆಲ್ಲ ಈಗ ನಾವು ನೋಡುವುದು ಮೊಬೈಲ್‌ನಲ್ಲೇ. ಗೂಗಲ್‌ನಲ್ಲಿ ಹುಡುಕುತ್ತೇವೆ, ಇಲ್ಲವೇ ಫೇಸ್‌ಬುಕ್‌ನಲ್ಲಿ ಕಣ್ಣಿಗೆ ಬೀಳುತ್ತದೆ.

ಆ ಸುದ್ದಿ ತಾನಾಗಿ ಹುಟ್ಟಿದ್ದಲ್ಲ. ಯಾರೋ ಒಬ್ಬ ವರದಿಗಾರ ಎಪಿಎಂಸಿಗೆ ಹೋಗಿ ಬಂದಿರುತ್ತಾನೆ, ಮೆಸ್ಕಾಂಗೆ ಫೋನ್ ಮಾಡಿರುತ್ತಾನೆ. ಬೈಕಿನ ಪೆಟ್ರೋಲ್ ಅವನದೇ. ಆದರೆ ಸುದ್ದಿ ಹುಡುಕಿ ಬಂದ ನಮಗೆ ಜಾಹೀರಾತು ತೋರಿಸಿ ದೊಡ್ಡ ಪಾಲು ಎತ್ತಿಕೊಳ್ಳುವುದು ಕಂಪನಿ.

ಈ ಲೆಕ್ಕ ಸರಿಯಿಲ್ಲ ಎಂದು ದೊಡ್ಡ ಮಾಧ್ಯಮ ಸಂಸ್ಥೆಗಳ ಡಿಜಿಟಲ್ ಪ್ರಕಾಶಕರ ಸಂಘ ದೂರು ಕೊಟ್ಟಿತ್ತು. 2022ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. 2024ರ ನವೆಂಬರ್ 16ರಂದು, ರಾಷ್ಟ್ರೀಯ ಪತ್ರಿಕಾ ದಿನದ ಕಾರ್ಯಕ್ರಮದಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಕೂಡ ಸುದ್ದಿಗೆ ನ್ಯಾಯವಾದ ಹಣ ಸಿಗಬೇಕು ಎಂದರು. ಆದರೆ 2021ರ ಐಟಿ ನಿಯಮಗಳು ಸುದ್ದಿ ಹಾಕುವವರಿಗೆ ಕಟ್ಟುಪಾಡು ಹಾಕಿದವೇ ಹೊರತು, ಅವರಿಗೆ ಸೇರಬೇಕಾದ ಹಣದ ಮಾತೆತ್ತಲಿಲ್ಲ.

ಕಾನೂನು ಬರಲೇಬೇಕು. ನಮ್ಮ ಪ್ರಶ್ನೆ ಬೇರೆ: ಬಂದ ಹಣ ಯಾರ ಕೈಗೆ?

ಕ್ಲಿಕ್ ಲೆಕ್ಕದಲ್ಲಿ ಹಂಚಿದರೆ ಅದು ದೆಹಲಿ, ಬೆಂಗಳೂರು ದಾಟಿ ಈಚೆ ಬರುವುದಿಲ್ಲ. ಸಿನಿಮಾ ಸುದ್ದಿಗೆ ಲಕ್ಷ ಕ್ಲಿಕ್ ಬೀಳುತ್ತದೆ, ಸೊರಬದ ಒಂದು ಕೆರೆ ಒತ್ತುವರಿ ಸುದ್ದಿಗೆ ಬೀಳುವುದಿಲ್ಲ. ಕೆನಡಾದಲ್ಲಿ 2023ರಲ್ಲಿ ಕಾನೂನು ಬಂದ ಮೇಲೆ ಗೂಗಲ್ ವರ್ಷಕ್ಕೆ 10 ಕೋಟಿ ಕೆನಡಾ ಡಾಲರ್ ಕೊಡಲು ಒಪ್ಪಿತು. ಅಲ್ಲಿ ಅದನ್ನು ಹಂಚುವುದು ಎಷ್ಟು ಪತ್ರಕರ್ತರು ಕೆಲಸ ಮಾಡುತ್ತಾರೆ ಎಂಬುದರ ಮೇಲೆ. ನಮಗೆ ಬೇಕಾದ್ದು ಈ ದಾರಿ. ಆದರೆ ಇಲ್ಲೊಂದು ತೊಡಕಿದೆ. ನಮ್ಮ ತಾಲ್ಲೂಕುಗಳ ಎಷ್ಟೋ ವರದಿಗಾರರು ಯಾವ ಸಂಬಳದ ಪಟ್ಟಿಯಲ್ಲೂ ಇಲ್ಲ. ಜಾಹೀರಾತು ತಂದರೆ ಸಿಗುವ ಕಮಿಷನ್ನೇ ಹಲವರ ಸಂಪಾದನೆ. ಅವರ ತಲೆ ಎಣಿಸದ ಕಾನೂನಿನಿಂದ ನಮ್ಮೂರಿಗೆ ಪ್ರಯೋಜನವಿಲ್ಲ.

"ನಾವು ಓದುಗರನ್ನು ಪುಕ್ಕಟೆ ಕಳಿಸುತ್ತಿದ್ದೇವಲ್ಲ" ಎಂಬುದು ಕಂಪನಿಗಳ ವಾದ. ಅದರಲ್ಲಿ ಸ್ವಲ್ಪ ನಿಜವಿದೆ. ಹಣ ಕೇಳಿದ್ದಕ್ಕೆ ಮೆಟಾ 2023ರ ಆಗಸ್ಟ್‌ನಲ್ಲಿ ಕೆನಡಾದ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಸುದ್ದಿಯನ್ನೇ ಬಂದ್ ಮಾಡಿತು. ಅದೇ ತಿಂಗಳು ಕಾಳ್ಗಿಚ್ಚಿಗೆ ಊರು ಬಿಟ್ಟ ಜನ ಅಲ್ಲಿ ಸುದ್ದಿ ಲಿಂಕ್ ಹಂಚಿಕೊಳ್ಳಲಾಗದೆ ಪರದಾಡಿದರು. ತುಂಗೆ ಉಕ್ಕಿ ಹರಿಯುವ ದಿನ ನಮಗೂ ಹಾಗಾದರೆ? ಅದಕ್ಕೇ ಸುದ್ದಿ ಬಂದ್ ಮಾಡಿ ಬೆದರಿಸುವುದಕ್ಕೂ ಕಾನೂನಿನಲ್ಲೇ ತಡೆ ಇರಬೇಕು.

ಇನ್ನೊಂದು ಎಚ್ಚರಿಕೆ. ಈ ಹಣ ಸರ್ಕಾರದ ಕೈಯಿಂದ ಹಂಚಿಕೆಯಾಗಬಾರದು. ಸಣ್ಣ ಪತ್ರಿಕೆಗಳು ಈಗಲೇ ಸರ್ಕಾರಿ ಜಾಹೀರಾತಿನ ದಾರಿ ಕಾಯುತ್ತವೆ. ಕೊಡುವ ಕೈಯನ್ನು ಪ್ರಶ್ನಿಸುವುದು ಕಷ್ಟ. ನಮ್ಮ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ಶುರುಮಾಡಿದ ಪತ್ರಿಕೆಯನ್ನು ಜಾಹೀರಾತೇ ಇಲ್ಲದೆ, ಓದುಗರ ದುಡ್ಡಿನಲ್ಲಿ ನಡೆಸಿದರು. ಅದಕ್ಕೇ ಯಾರ ಮುಲಾಜೂ ಇಲ್ಲದೆ ಬರೆಯಲು ಆಯಿತು. ಹಣ ಹಂಚುವ ಸಮಿತಿಯಲ್ಲಿ ಜಿಲ್ಲಾ ಪತ್ರಿಕೆಗಳವರು, ತಾಲ್ಲೂಕು ವರದಿಗಾರರು ಕೂರಲಿ. ಯಾರಿಗೆ ಎಷ್ಟು ಹೋಯಿತು ಎಂಬ ಪಟ್ಟಿ ಎಲ್ಲರಿಗೂ ಕಾಣಲಿ.

ಕಾನೂನು ಬರುವವರೆಗೆ ನಮ್ಮ ಕೈಲಾಗುವುದೂ ಇದೆ. ಗ್ರೂಪಿಗೆ ಪತ್ರಿಕೆಯ ಪಿಡಿಎಫ್, ಸ್ಕ್ರೀನ್‌ಶಾಟ್ ಹಾಕುವ ಬದಲು ಲಿಂಕ್ ಹಾಕಿ. ಊರಿನ ಒಂದು ಪತ್ರಿಕೆಗಾದರೂ ಚಂದಾ ಕಟ್ಟಿ. ನಿಮ್ಮೂರಿನ ಸೇತುವೆ ಕುಸಿದರೆ ಗೂಗಲ್ ಬಂದು ನೋಡುವುದಿಲ್ಲ. ಬರುವುದು ಆ ಬೈಕಿನವನೇ.