ಟೋಕನ್ ನಂಬರು

ನಮ್ಮ ಪಿಂಪ್ರಿ-ಚಿಂಚವಾಡದಲ್ಲಿ ಇಬ್ಬರು ಪರಿಚಯವಾದರೆ ಹೆಸರು, ಊರು ಎಲ್ಲ ಆಮೇಲೆ. ಮೊದಲು ಬರುವುದು ‘ಯಾವ ಕಂಪನಿ?’ ಟೆಲ್ಕೋ 2003ರಲ್ಲೇ ಟಾಟಾ ಮೋಟರ್ಸ್ ಆಯಿತು. ಹಳಬರು ಇವತ್ತಿಗೂ ‘ಟೆಲ್ಕೋದವರು’. ಮನೆ ಬಾಡಿಗೆಗೆ ಕೊಡುವಾಗಲೂ ಹೆಣ್ಣು ಕೊಡುವಾಗಲೂ ಇದೇ ಪ್ರಶ್ನೆ. ವಿಜಯಪುರ, ಬೀದರ್, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ನಮ್ಮವರಿಗಂತೂ ಕಂಪನಿಯೇ ಮನೆತನದ ಹೆಸರಾಗಿಬಿಟ್ಟಿದೆ.

ನಮ್ಮ ಓಣಿಯ ಕಾಕಾ ಇಂಡಿ ತಾಲ್ಲೂಕಿನವರು. ಐಟಿಐ ಮುಗಿಸಿ ಬಂದು ಮೂವತ್ತನಾಲ್ಕು ವರ್ಷ ಒಂದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಿವೃತ್ತರಾಗಿ ಎರಡು ತಿಂಗಳಾದ ಮೇಲೆ, ಒಂದು ಬೆಳಗ್ಗೆ ಆರಕ್ಕೆ ಹಾಲಿಗೆಂದು ಹೊರಟವನಿಗೆ ಅವರು ಕಂಪನಿ ಬಸ್ಸಿನ ಸ್ಟಾಪಿನಲ್ಲಿ ಕಂಡರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚೀಲವಿಲ್ಲ, ಡಬ್ಬಿಯಿಲ್ಲ.

‘ಯಾಕ ಕಾಕಾ, ಇಷ್ಟು ಲಗೂನ?’

‘ಏನಿಲ್ಲಪಾ, ಬಸ್ಸು ಬಂದು ಹೋತೇನಂತ ನೋಡಾಕ ಬಂದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಟೋಕನ್ ನಂಬರ್ ಹೇಳಿದ್ರ ಕ್ಯಾಂಟೀನ್‌ನ್ಯಾಗ ತಾಟು ಕೊಡತಿದ್ರು. ಈಗ ಯಾರಿಗೆ ಹೇಳ್ಲಿ?’ ಅಂದರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. 2007ರಲ್ಲಿ ಬಜಾಜ್ ಆಕುರ್ಡಿ ಕಾರ್ಖಾನೆಯಲ್ಲಿ ಗಾಡಿ ತಯಾರಿಕೆ ನಿಂತಾಗ ಇಂಥ ನಂಬರುಗಳು ಎಷ್ಟು ಮನೆಗಳಲ್ಲಿ ಬಾಯಿಪಾಠವಾಗಿ ಉಳಿದಿರಬೇಕು! ಈಗ ಹಿಂಜವಡಿಯ ಐಟಿ ಹುಡುಗರಿಗೂ ಅದೇ ಗತಿ. ಕೆಲಸ ಹೋದ ವಿಷಯವನ್ನು ಹೆತ್ತವರಿಂದ ಮುಚ್ಚಿಟ್ಟು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ದಿನವಿಡೀ ಎಲ್ಲೋ ಕೂತು ಬರುವವರಿದ್ದಾರೆ. ಮನೆಸಾಲದ ಕಂತು ಕಟ್ಟಬೇಕಾದವನಿಗೆ ‘ಕೆಲಸವೇ ಜೀವನವಲ್ಲ’ ಎಂದು ಬುದ್ಧಿ ಹೇಳುವುದು ಕ್ರೌರ್ಯ. ಅವನಿಗೆ ಮೊದಲು ಬೇಕಾದದ್ದು ಪಗಾರ. ಆದರೆ ಪಗಾರದ ಜೊತೆಗೆ ಮುಖವನ್ನೂ ಕಳೆದುಕೊಂಡಂತೆ ಅವನು ಕುಗ್ಗುತ್ತಾನಲ್ಲ, ಅದು ನಾವು ಅವನ ಮೇಲೆ ಹೇರಿದ್ದು.

ಕಾಯಕವನ್ನು ಇಷ್ಟು ಎತ್ತಿ ಹಿಡಿದ ನಾಡಿನವರು ನಾವು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ, ಎಲ್ಲರ ಹೆಸರಿನಲ್ಲೂ ಕೆಲಸವಿದೆ, ಮಾಲೀಕನಿಲ್ಲ. ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಮರಳಿ ಸುರಿದು ಬರಲು ಕಳಿಸಿದಳು ಲಕ್ಕಮ್ಮ. ಆದರೆ ನಮ್ಮ ಕಾಕಾ ಎಂದೂ ‘ನಾನು ಫಿಟ್ಟರ್’ ಅಂದವರಲ್ಲ, ಕಂಪನಿಯ ಹೆಸರನ್ನೇ ಹೇಳುತ್ತಿದ್ದರು. ನಿವೃತ್ತರಾದ ದಿನ ಕಂಪನಿಯ ಕಾರ್ಡು ಗೇಟಿನಲ್ಲಿ ಉಳಿಯಿತು. ಅರ ಹಿಡಿದು ಅಂಗೈಯಲ್ಲಿ ಎದ್ದ ಗಟ್ಟಿ ಜಡ್ಡು ಅವರ ಜೊತೆ ಮನೆಗೆ ಬಂತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅವರೂ ಹಿಡಿಯಲಿಲ್ಲ.

ಇದೇ ಊರಿಗೆ ವರ್ಷಕ್ಕೊಂದು ರಾತ್ರಿ ಬೇರೆಯದೇ ರೂಢಿ. ದೇಹೂವಿನಿಂದ ಪಂಢರಪುರಕ್ಕೆ ಹೊರಟ ತುಕಾರಾಮರ ಪಾಲಖಿ ಆಕುರ್ಡಿಯ ವಿಠ್ಠಲ ಮಂದಿರದಲ್ಲಿ ತಂಗುತ್ತದೆ. ತುಕಾರಾಮರೂ ಅಂಗಡಿ ನಡೆಸಿ ಬರಗಾಲದಲ್ಲಿ ದಿವಾಳಿಯಾದವರು. ಬರಬೇಕಿದ್ದ ಸಾಲದ ಪತ್ರಗಳನ್ನು ಇಂದ್ರಾಯಣಿ ನದಿಗೆ ಎಸೆದರೆಂದು ಕಥೆ. ಪಾಲಖಿಯ ಜೊತೆ ನಡೆಯುವ ದಿಂಡಿಯಲ್ಲಿ ಪೊಲೀಸ್ ಅಧಿಕಾರಿಯನ್ನೂ ಚಹಾ ಹಂಚುವ ಹುಡುಗನನ್ನೂ ಕೂಗುವುದು ಒಂದೇ ಹೆಸರಿನಿಂದ: ‘ಮಾವುಲಿ’. ತಾಯಿ ಎಂದರ್ಥ. ಯಾವ ಕಂಪನಿ ಎಂದು ಯಾರೂ ಕೇಳುವುದಿಲ್ಲ.

ಹೋದ ಜ್ಯೇಷ್ಠದಲ್ಲಿ ಕಾಕಾನನ್ನು ಅಲ್ಲಿಗೆ ಕರೆದೊಯ್ದೆ. ಫುಟ್‌ಪಾತಿನ ಮೇಲೆ ಒಬ್ಬ ಮುದುಕಿ, ತಲೆ ಮೇಲೆ ಹೊತ್ತು ಬಂದ ಹಿತ್ತಾಳೆಯ ತುಳಸಿ ವೃಂದಾವನವನ್ನು ಇಳಿಸಿಕೊಂಡು ಕೂತಿದ್ದಳು. ತಳದ ಬಳೆ ಸಡಿಲಾಗಿ ಅಲುಗಾಡುತ್ತಿತ್ತು. ‘ಮಾವುಲಿ, ಇದನ್ನೊಂದು ನೋಡ್ತೀಯಾ?’ ಎಂದು ಮರಾಠಿಯಲ್ಲಿ ಕೇಳಿದಳು. ಕಾಕಾ ಪಕ್ಕದ ಗ್ಯಾರೇಜಿನಿಂದ ಪಕ್ಕಡ, ಸುತ್ತಿಗೆ, ಅರ ತಂದರು. ಮಣ್ಣು ಚೆಲ್ಲದಂತೆ ಗಿಡವನ್ನು ಮೊಣಕಾಲಿಗೆ ಒರಗಿಸಿ, ಅಂಚನ್ನು ತೀಡಿ, ಬಳೆಯನ್ನು ಸುತ್ತಲೂ ಬಡಿದು ಕೂರಿಸಿದರು. ಹೆಬ್ಬೆರಳಿನಿಂದ ಎರಡು ಸಲ ಸವರಿ ನೋಡಿದರು, ಮುದುಕಿಯ ನೆತ್ತಿಗೆ ಚುಚ್ಚಬಾರದೆಂದು. ಆಮೇಲೆ ತಾವೇ ಎತ್ತಿ ಅವಳ ತಲೆ ಮೇಲಿಟ್ಟರು.

ಮರುದಿನ ದಿಂಡಿಯ ಜೊತೆ ದಾಪೋಡಿವರೆಗೂ ನಡೆದು, ಮಧ್ಯಾಹ್ನ ಲೋಕಲ್ ಹಿಡಿದು ವಾಪಸಾದರು. ಕಾಲು ಊದಿತ್ತು. ಕಾಕಿ ಬಿಸಿನೀರಿಗೆ ಉಪ್ಪು ಹಾಕಿ ಬಕೆಟ್ ತಂದಿಟ್ಟರು.