ತೋಳು ಗಟ್ಟಿಯಿದೆ, ತಲೆ ಹಳೆಯದಾಗಿದೆ

ಇವತ್ತಿನ ಸಂಚಿಕೆ ಕತಾರ್‌ನ ಅಲ್ ಗರಾಫಾದಿಂದ. ಸುದ್ದಿಗಿಂತ ನನ್ನ ಅಭಿಪ್ರಾಯವೇ ಇದರಲ್ಲಿ ಹೆಚ್ಚು. ಕಾರ್ಖಾನೆಯ ರೋಬೋಟಿನ ಕಂಟ್ರೋಲರ್ ಹಳೆಯದಾಯ್ತು, ಅದರ ಬೋರ್ಡು ಎಲ್ಲೂ ಸಿಗ್ತಿಲ್ಲ. ಹಾಗಂತ ಇಡೀ ರೋಬೋಟನ್ನೇ ಗುಜರಿಗೆ ಹಾಕಬೇಕಾ? ಬೇಡ ಅಂತೀನಿ ನಾನು. ಆದ್ರೆ ಅದಕ್ಕೊಂದು ಷರತ್ತಿದೆ.

ರೋಬೋಟಿನಲ್ಲಿ ಎರಡು ಭಾಗ. ಒಂದು ತೋಳು: ಲೋಹ, ಗೇರು, ಬೇರಿಂಗು, ಮೋಟಾರು. ಇನ್ನೊಂದು, ಪಕ್ಕದ ಕ್ಯಾಬಿನೆಟ್ಟಿನಲ್ಲಿರೋ ಕಂಪ್ಯೂಟರು. ಚೆನ್ನಾಗಿ ನೋಡಿಕೊಂಡ್ರೆ ತೋಳು ದಶಕಗಟ್ಟಲೆ ಬಾಳುತ್ತೆ. ಕಂಪ್ಯೂಟರಿಗೆ ಅಷ್ಟು ಆಯಸ್ಸಿಲ್ಲ. ಅದರ ಚಿಪ್ಪು ತಯಾರಿಸೋದು ನಿಂತ ದಿನದಿಂದಲೇ ಕ್ಷಣಗಣನೆ ಶುರು.

ಪ್ಯೂಮಾ 560 ರೋಬೋಟನ್ನೇ ನೋಡಿ. ಅಮೆರಿಕದ ಯುನಿಮೇಷನ್ ಕಂಪನಿ ಪ್ಯೂಮಾ ಸರಣಿಯನ್ನು ತಂದದ್ದು 1978ರಲ್ಲಿ. ಆರು ಕೀಲುಗಳ ತೋಳು. ಕ್ಯಾಬಿನೆಟ್ಟಿನಲ್ಲಿ ಡೆಕ್ ಕಂಪನಿಯ ಎಲ್‌ಎಸ್‌ಐ-11 ಕಂಪ್ಯೂಟರು, ಅದರ ಕೈಕೆಳಗೆ ಕೀಲಿಗೊಂದರಂತೆ 8 ಬಿಟ್‌ನ 6503 ಪ್ರೊಸೆಸರು. ಯುನಿಮೇಷನ್ 1980ರ ದಶಕದಲ್ಲೇ ಮೊದಲು ವೆಸ್ಟಿಂಗ್‌ಹೌಸ್ ಪಾಲಾಗಿ, ಆಮೇಲೆ ಸ್ಟೌಬ್ಲಿ ಕೈ ಸೇರಿತು. ಡೆಕ್ ಕೂಡ 1998ರಲ್ಲಿ ಕಾಂಪ್ಯಾಕ್‌ನಲ್ಲಿ ಲೀನವಾಯ್ತು. ಕಂಪನಿಗಳು ಹೋದವು, ತೋಳುಗಳು ಉಳಿದವು. ಎಷ್ಟೋ ಲ್ಯಾಬುಗಳು ಹಳೆ ಕಂಪ್ಯೂಟರನ್ನು ಕಿತ್ತು ಮಾಮೂಲಿ ಪಿಸಿ ಕೂರಿಸಿದವು. ಲಿನಕ್ಸ್‌ಸಿಎನ್‌ಸಿ ಅನ್ನೋ ಮುಕ್ತ ತಂತ್ರಾಂಶದಲ್ಲಿ ಪ್ಯೂಮಾ ಥರದ ತೋಳಿನ ಲೆಕ್ಕಾಚಾರ ಇವತ್ತಿಗೂ ಸಿಗುತ್ತೆ.

ಇದೆಲ್ಲ ಹೇಗೆ ಸಾಧ್ಯವಾಯ್ತು? ತೋಳಿನ ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಒಂದು ಪ್ಯೂಮಾ 560 ಬಿಚ್ಚಿ, ಭಾಗಗಳ ತೂಕ, ಜಡತ್ವ ಅಳೆದು, 1986ರಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು.

ನನ್ನ ಷರತ್ತು ಇರೋದು ಇಲ್ಲೇ. ಹೊಸ ಕಂಪ್ಯೂಟರಿಗೆ ತೋಳಿನ ಜಾತಕ ಗೊತ್ತಿರಬೇಕು. ಗೇರಿನ ಅನುಪಾತ ಎಷ್ಟು? ಮಣಿಕಟ್ಟಿನ ಒಂದು ಕೀಲು ತಿರುಗಿದರೆ ಪಕ್ಕದ್ದು ಎಷ್ಟು ಸರಿಯುತ್ತೆ? ಸೊನ್ನೆ ಎಲ್ಲಿದೆ? ಪ್ಯೂಮಾದ ಎನ್‌ಕೋಡರು ಶುರುವಾದಲ್ಲಿಂದ ಎಣಿಸುತ್ತೆ ಅಷ್ಟೇ. ತೋಳು ಎಲ್ಲಿದೆ ಅನ್ನೋ ಅಂದಾಜು ಕೊಡೋಕೆ ಪ್ರತಿ ಕೀಲಿಗೂ ಬೇರೆ ಪೊಟೆನ್ಶಿಯೋಮೀಟರ್ ಇದೆ. ಈ ಲೆಕ್ಕ ಕಳೆದುಹೋದ್ರೆ, ತಾನೆಲ್ಲಿದ್ದೀನಿ ಅಂತಲೇ ಗೊತ್ತಿಲ್ಲದ ತೋಳು ಜೋರಾಗಿ ಬೀಸುತ್ತೆ. ಪಕ್ಕದಲ್ಲಿ ನಿಂತವರ ಗತಿ? ಹಾಗಾಗಿ ಹಳೆ ಕಂಟ್ರೋಲರ್ ಇನ್ನೂ ಉಸಿರಾಡ್ತಿರುವಾಗಲೇ ಅದರ ಮಾಹಿತಿಯನ್ನೆಲ್ಲ ಬರೆದಿಟ್ಟುಕೊಳ್ಳಿ. ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಹೊಸ ಸಾಫ್ಟ್‌ವೇರಿನ ಮರ್ಜಿಗೆ ಬಿಡಬೇಡಿ. ಒತ್ತಿದರೆ ಮೋಟಾರಿನ ಕರೆಂಟೇ ಹೋಗಬೇಕು, ಬ್ರೇಕು ತಾನಾಗಿ ಹಿಡಿಯಬೇಕು.

"ಹೊಸದನ್ನೇ ತಗೊಳ್ಳಿ, ತಲೆನೋವಿಲ್ಲ" ಅನ್ನೋರಿದ್ದಾರೆ. ಮೂರು ಪಾಳಿ ಓಡೋ ಕಾರಿನ ಕಾರ್ಖಾನೆಗೆ ಆ ಮಾತು ಸರಿ. ಆದ್ರೆ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ? ಅಲ್ಲಿ ಹಳೆ ಸಿಎನ್‌ಸಿ ಯಂತ್ರಕ್ಕೆ ಹೊಸ ಕಂಟ್ರೋಲರ್ ಹಾಕೋದು ಪರಿಚಿತ ಕೆಲಸ. ರೋಬೋಟಿಗೂ ಅದೇ ಬುದ್ಧಿ ಯಾಕೆ ಬೇಡ?

ಇಲ್ಲಿ ಕತಾರ್‌ನಲ್ಲೇ ಒಂದು ಉದಾಹರಣೆ ಇದೆ. ಒಂಟೆ ಓಟದಲ್ಲಿ ಮಕ್ಕಳನ್ನು ಕೂರಿಸೋದನ್ನು 2005ರಲ್ಲಿ ನಿಷೇಧಿಸಿದಾಗ, ಸ್ವಿಟ್ಜರ್ಲೆಂಡಿನ ಕೆ-ಟೀಮ್ ಕಂಪನಿ ರೋಬೋಟ್ ಸವಾರರನ್ನು ಮಾಡಿಕೊಟ್ಟಿತು. ಅವು ಭಾರ, ದುಬಾರಿ. ಕ್ರಮೇಣ ಬ್ಯಾಟರಿ ಡ್ರಿಲ್ಲಿನ ಮೋಟಾರು, ರಿಮೋಟು, ವಾಕಿಟಾಕಿ ಜೋಡಿಸಿದ ಹಗುರ ಸವಾರರು ಬಂದರು. ಅವುಗಳನ್ನು ಊರಿನ ಅಂಗಡಿಯಲ್ಲೇ ರಿಪೇರಿ ಮಾಡಬಹುದು. ಅವು ಗೆದ್ದದ್ದಕ್ಕೆ ಅದೂ ಒಂದು ಕಾರಣ.

ಆದ್ದರಿಂದ ರೋಬೋಟ್ ಕೊಳ್ಳೋರು ಮೊದಲ ದಿನವೇ ಕೇಳಬೇಕು: ಗೇರಿನ ಅನುಪಾತ, ವೈರಿಂಗ್ ನಕ್ಷೆ, ಸೊನ್ನೆಯ ಲೆಕ್ಕ ಎಲ್ಲ ಕೊಡ್ತೀರಾ? ಕೊಡಲ್ಲ ಅಂದ್ರೆ, ನೀವು ದುಡ್ಡು ಕೊಡ್ತಿರೋದು ತೋಳಿನ ಆಯಸ್ಸಿಗಲ್ಲ, ಆ ಕಂಪ್ಯೂಟರಿನ ಆಯಸ್ಸಿಗೆ.

ನಿಮ್ಮ ಅಭಿಪ್ರಾಯ ಬೇರೆಯಿದ್ರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.